ಕಲ್ಲುಗಪ್ಪೆಯ ಬೇಲಿ

ನಮ್ಮ ಕೇರಿಯ ನೀರಿಗೆ ಬೇಲಿ ಬಿದ್ದದ್ದು ಒಂದು ಕಪ್ಪೆಯ ದೆಸೆಯಿಂದ. ಕಪ್ಪೆಯ ಮೇಲೆ ನನಗೆ ಸಿಟ್ಟಿಲ್ಲ. ಬೇಲಿ ಹಾಕಿಸಿಕೊಡಿ ಎಂದು ಅದು ಯಾರನ್ನೂ ಕೇಳಿರಲಿಲ್ಲ.

ನಾಗರಬಾವಿಗೂ ಮೂಡಲಪಾಳ್ಯಕ್ಕೂ ನಡುವೆ ನಮ್ಮ ಊರಿತ್ತು. ಈಗ ಹೋಗಿ ಹುಡುಕಿದರೆ ಊರು ಸಿಗುವುದಿಲ್ಲ, ಕ್ರಾಸ್ ರೋಡುಗಳು ಸಿಗುತ್ತವೆ. ಆಗ ದಿಣ್ಣೆಯ ಮೇಲೆ ಕೃಷ್ಣಪ್ಪಗೌಡರ ಜನ, ಅವರ ಹೆಂಚಿನ ಮನೆಗಳು, ಅವರ ಸೇದುವ ಬಾವಿ. ಕೆಳಗೆ ನಮ್ಮ ಕೇರಿ. ಕೇರಿಗೂ ಕೆಳಗೆ ಹಳ್ಳ. ಬಂಡೆಗಳ ಮೇಲೆ ತೆಳ್ಳಗೆ ಜಾರುತ್ತಾ ಹೋಗಿ ಕೆಂಗೇರಿಯ ಕಡೆಗೆಲ್ಲೋ ವೃಷಭಾವತಿಗೆ ಸೇರುತ್ತಿತ್ತು. ಕಾವೇರಿ ನೀರು ಬೆಂಗಳೂರಿಗೆ ಬಂದು ಎರಡು ವರ್ಷವಾಗಿತ್ತು. ಪಕ್ಕದ ಹೊಸ ಬಡಾವಣೆಯ ನಲ್ಲಿಗಳಲ್ಲಿ ಬರುತ್ತಿತ್ತು. ನಮ್ಮ ಕೇರಿಯ ದಾರಿ ಕಾವೇರಮ್ಮನಿಗೆ ಗೊತ್ತಿರಲಿಲ್ಲ.

ಊರ ಬಾವಿಯ ಹಗ್ಗವನ್ನು ನಾವು ಮುಟ್ಟುವಂತಿರಲಿಲ್ಲ. ಕಟ್ಟೆಯ ಕೆಳಗೆ ಕೊಡ ಇಟ್ಟು ದೂರ ಹೋಗಿ ನಿಲ್ಲಬೇಕು. ಯಾರಾದರೂ ಗೌಡತಿಗೆ ಕನಿಕರ ಹುಟ್ಟಿದರೆ ಮೇಲಿನಿಂದ ಹುಯ್ಯುತ್ತಿದ್ದಳು. ಅರ್ಧ ಕೊಡಕ್ಕೆ, ಅರ್ಧ ಮಣ್ಣಿಗೆ. ನನ್ನ ಸೋದರತ್ತೆ ಮುನಿತಾಯಮ್ಮ ಮದುವೆಯಾದ ಹೊಸದರಲ್ಲೇ ಬಾವಿಗೆ ಹೋಗುವುದನ್ನು ಬಿಟ್ಟಿದ್ದಳು.

"ಯಾಕತ್ತೆ?" ಎಂದು ಒಮ್ಮೆ ಕೇಳಿದ್ದೆ.

"ಮೇಲಿಂದ ಹುಯ್ದಿದ್ದು ಗಂಟಲಲ್ಲಿ ಇಳಿಯಲ್ಲ ಕಣೋ," ಎಂದಿದ್ದಳು.

ಅವಳು ಹಳ್ಳಕ್ಕೇ ಹೋಗುತ್ತಿದ್ದಳು. ಬಂಡೆಯ ಬುಡದಲ್ಲಿ ಒರತೆಗಳಿದ್ದವು. ದಿನಾ ಮರಳು ತುಂಬಿಕೊಳ್ಳುತ್ತಿತ್ತು. ಸೊಂಟ ಮಡಿಸಿ ಕೂತು ಕೈಯಿಂದ ಮರಳು ಬಗೆಯಬೇಕು. ಮೊದಲ ಬಗ್ಗಡ ಚೆಲ್ಲಬೇಕು. ನೀರು ತಿಳಿಯಾಗುವವರೆಗೆ ಕಾಯಬೇಕು. ಆಮೇಲೆ ತೆಂಗಿನ ಕರಟದಲ್ಲಿ ಮೊಗೆದು ಮೊಗೆದು ಕೊಡ ತುಂಬಬೇಕು. ಒಂದು ಕೊಡ ತುಂಬುವ ಹೊತ್ತಿಗೆ ಮಂಡಿ ಹಿಡಿದುಕೊಳ್ಳುತ್ತಿತ್ತು. ಆಮೇಲೆ ದಿಬ್ಬ ಹತ್ತಬೇಕು. ಅವಳ ಬೆರಳ ತುದಿಗಳ ಚರ್ಮ ಯಾವಾಗಲೂ ಸುಲಿದಿರುತ್ತಿತ್ತು. ಆದರೂ ಅದು ಅವಳೇ ಮೊಗೆದ ನೀರು.

ಅದೇ ಬಂಡೆಗಳ ಮೇಲೆ ಆ ಕಪ್ಪೆಗಳಿದ್ದವು. ಹೆಬ್ಬೆರಳ ಗಾತ್ರ, ಬಂಡೆಯದೇ ಬಣ್ಣ. ನಾವು ಕಲ್ಲುಗಪ್ಪೆ ಎನ್ನುತ್ತಿದ್ದೆವು. ಹಗಲಲ್ಲೇ ಟಿಕ್ಕು ಟಿಕ್ಕು ಅನ್ನುತ್ತಿದ್ದವು. ಅತ್ತೆ ಕರಟ ಅದ್ದಿದರೆ ಅವು ಒಂದು ಗೇಣು ಸರಿದು ಕೂರುತ್ತಿದ್ದವು. ಅವಳ ಕೆಲಸ ಅವಳಿಗೆ, ಅವುಗಳ ಕೆಲಸ ಅವುಗಳಿಗೆ. ಜಗಳವಿರಲಿಲ್ಲ.

ಆಗ ಲಕ್ಷ್ಮೀಪತಿಯವರು ಬಂದರು. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾಗಿ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಅತ್ತೆ ಅವರ ಮನೆಯ ಅಂಗಳ ಗುಡಿಸಿ, ಬಚ್ಚಲು ತಿಕ್ಕುತ್ತಿದ್ದಳು. ಒಳ್ಳೆಯ ಮನುಷ್ಯರು. ಇದನ್ನು ನಾನು ಅಣಕಕ್ಕೆ ಹೇಳುತ್ತಿಲ್ಲ. ಇರುವೆಯನ್ನೂ ದಾಟಿ ಕಾಲಿಡುತ್ತಿದ್ದರು. ಒಂದು ಬೆಳಿಗ್ಗೆ ಮಂಕಿ ಟೋಪಿ ಹಾಕಿಕೊಂಡು ವಾಕಿಂಗ್ ಬಂದವರು ನಮ್ಮ ಹಳ್ಳದಲ್ಲಿ ಆ ಕಪ್ಪೆಯನ್ನು ಕಂಡರು. ಕಂಡವರೇ ಕೆಸರಿನಲ್ಲಿ ಬೋರಲು ಮಲಗಿಬಿಟ್ಟರು. ಅಷ್ಟು ದೊಡ್ಡವರು ಹಾಗೆ ಮಲಗಿದ್ದನ್ನು ಕೇರಿಯವರೆಲ್ಲ ಹೋಗಿ ನೋಡಿದೆವು. ಭೂತಗನ್ನಡಿ ಹಿಡಿದು ಅವರು ಮಧ್ಯಾಹ್ನದವರೆಗೂ ಕಪ್ಪೆಯನ್ನು ನೋಡಿದರು. ಸುತ್ತ ನಿಂತಿದ್ದ ನಮ್ಮನ್ನು ನೋಡಲಿಲ್ಲ.

ಆ ವಾರವೇ ಬಡಾವಣೆಯ ಭಜನಾ ಮಂದಿರದಲ್ಲಿ ಸಭೆಯಾಯಿತು. ನಾವು ಕಿಟಕಿಯ ಹೊರಗೆ ನಿಂತು ಕೇಳಿದೆವು. ಲಕ್ಷ್ಮೀಪತಿಯವರು ಚೆನ್ನಾಗಿ ಮಾತಾಡಿದರು. ಈ ಕಪ್ಪೆ ಕೆರೆಯಲ್ಲಿ ಬದುಕುವುದಿಲ್ಲ, ಬಾವಿಯಲ್ಲಿ ಬದುಕುವುದಿಲ್ಲ, ಅದಕ್ಕೆ ಹರಿಯುವ ನೀರೇ ಆಗಬೇಕು ಎಂದರು. ಹೆಣ್ಣು ಒದ್ದೆ ಬಂಡೆಗೆ ಮೊಟ್ಟೆ ಅಂಟಿಸಿ ಹೋಗುತ್ತದಂತೆ. ಮರಿ ಹೊರಬರುವವರೆಗೆ ಗಂಡು ಪಕ್ಕದಲ್ಲೇ ಕಾವಲು ಕೂರುತ್ತದಂತೆ. ಮರಿಗಳು ಈಜುವುದಿಲ್ಲವಂತೆ, ಕೊಚ್ಚಿಹೋಗದ ಹಾಗೆ ಬಾಯಿಂದ ಬಂಡೆ ಕಚ್ಚಿಕೊಂಡಿರುತ್ತವಂತೆ. ಕಪ್ಪೆ ನೀರು ಕುಡಿಯುವುದೂ ಚರ್ಮದಿಂದ, ಉಸಿರಾಡುವುದೂ ಚರ್ಮದಿಂದ.

"ಈ ನೀರು ಕೆಟ್ಟರೆ ಆ ಬಡ ಜೀವಕ್ಕೆ ಹೋಗೋಕೆ ಬೇರೆ ಜಾಗ ಇಲ್ಲ ಸ್ವಾಮಿ," ಎನ್ನುವಾಗ ಅವರು ಅತ್ತೇಬಿಟ್ಟರು. ಮುಂದಿನ ಸಾಲಿನಲ್ಲಿ ಕೂತಿದ್ದ, ಅತ್ತೆ ಕೆಲಸ ಮಾಡುತ್ತಿದ್ದ ಇನ್ನೊಂದು ಮನೆಯ ಅಲಮೇಲಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಕಿಟಕಿಯಲ್ಲಿ ಅತ್ತೆಯೂ "ಅಯ್ಯೋ ಪಾಪ" ಅಂದಳು. ಮನಸಾರೆ ಅಂದಳು.

ಕಪ್ಪೆಗೆ ಬೇಲಿ ಹಾಕುವುದೆಂದು ತೀರ್ಮಾನವಾಯಿತು. ಕಲ್ಲುಕಂಬ, ಮುಳ್ಳುತಂತಿ ಎಲ್ಲ ತಮ್ಮದೇ ಖರ್ಚು ಎಂದು ಕೃಷ್ಣಪ್ಪಗೌಡರು ಎದ್ದು ನಿಂತು ಹೇಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಹುಟ್ಟಿದಾಗಿನಿಂದ ಗೌಡರು ಕಪ್ಪೆಯನ್ನು ನೋಡಿದ್ದು ಎಮ್ಮೆ ತೊಳೆಯುವಾಗ ಮಾತ್ರ. ಹಳ್ಳದ ಎರಡೂ ದಡದ ಜಮೀನು ಅವರದು. ಅದನ್ನು ಸೈಟು ಮಾಡಿ ಮಾರುವವರಿದ್ದರು. ನಮ್ಮ ಹೆಂಗಸರು ಕೊಡ ಹೊತ್ತು ಓಡಾಡುವ ಕಾಲುದಾರಿ ಸೈಟುಗಳ ನಡುವೆಯೇ ಹಾದುಹೋಗುತ್ತಿತ್ತು. ಇದನ್ನು ಸಭೆಯಲ್ಲಿ ಯಾರೂ ಎತ್ತಲಿಲ್ಲ. ಕಪ್ಪೆಯ ಮೇಲೆ ಪ್ರೀತಿ ಹುಟ್ಟಿದ್ದೇ ದೊಡ್ಡದು.

ಬೇಲಿ ನಮ್ಮ ಒರತೆಗಳನ್ನೆಲ್ಲ ಒಳಗೆ ಹಾಕಿಕೊಂಡು ಕೆಳಗೆ ಇಳಿಯಿತು. ಬಡಾವಣೆಯ ಮೋರಿ ಬಂದು ಹಳ್ಳಕ್ಕೆ ಬೀಳುವ ಜಾಗಕ್ಕೆ ಸರಿಯಾಗಿ ನಿಂತಿತು. ಅಲ್ಲಿಂದ ಕೆಳಕ್ಕೆ ಕಪ್ಪೆ ಇಲ್ಲವಂತೆ. ಗೇಟಿಗೆ ಬೀಗ ಬಿತ್ತು. ಬೀಗದ ಕೈ ಗೌಡರ ಸೊಂಟದ ಉಡಿದಾರಕ್ಕೆ ಹೋಯಿತು. ಬೋರ್ಡೂ ಬಂತು. ಹೈಸ್ಕೂಲೊಂದರಲ್ಲಿ ಜವಾನನಾಗಿದ್ದ ನಾನೊಬ್ಬನೇ ಕೇರಿಯಲ್ಲಿ ಓದಬಲ್ಲವನು. ಹೆಂಗಸರಿಗೆ ಓದಿ ಹೇಳಿದೆ: "ಅಪರೂಪದ ಕಪ್ಪೆಗಳ ತಾಣ. ನೀರನ್ನು ಮುಟ್ಟಬಾರದು."

"ಇನ್ನೊಂದ್ಸಲ ಓದು," ಎಂದಳು ಅತ್ತೆ. ಓದಿದೆ.

"ಬಾವಿ ಮುಟ್ಟಬೇಡಿ ಅಂತ ಇಷ್ಟು ದಿನ ಬರೀ ಬಾಯಲ್ಲಿ ಹೇಳ್ತಿದ್ರು. ಈಗ ಬಣ್ಣದಲ್ಲಿ ಬರೆಸವ್ರೆ. ನಮಗೂ ಮರ್ವಾದೆ ಬಂತು ಬಿಡು."

ಮಾರನೆಯ ಬೆಳಿಗ್ಗೆ ಅವಳು ತಂತಿಯ ಕೆಳಗೆ ನುಸುಳಿ ಒರತೆಗೆ ಹೋದಳು. ಬೆನ್ನಿನ ರವಿಕೆ ಹರಿಯಿತು, ಚರ್ಮವೂ ಹರಿಯಿತು. ಗೌಡರ ಆಳು ಚನ್ನಕೇಶವ ಕಾವಲಿಗಿದ್ದ. ಕೊಡ ತುಂಬುವವರೆಗೂ ಸುಮ್ಮನೆ ನೋಡುತ್ತಾ ನಿಂತಿದ್ದ. ತುಂಬಿದ ಮೇಲೆ ಬಂದು ಒದ್ದ. ಮಣ್ಣಿನ ಕೊಡ, ಬಂಡೆಗೆ ಬಿದ್ದು ಚೂರಾಯಿತು. ನೀರು ಹಳ್ಳಕ್ಕೇ ವಾಪಸು ಹೋಯಿತು. ಕಪ್ಪೆಗಳು ಒಂದು ಗೇಣು ಸರಿದು ಕೂತವು.

ಅತ್ತೆ ಕೆಲಸಕ್ಕೆ ಹೋದಾಗ ಲಕ್ಷ್ಮೀಪತಿಯವರನ್ನೇ ಕೇಳಿದಳು. ನಾನೂ ಜೊತೆಗಿದ್ದೆ. ಅವರು ಹಿತ್ತಲ ಬಾಗಿಲಿಗೆ ಬಂದರು.

"ಸಾರ್, ನಮಗೆ ಕುಡಿಯಾಕೆ ನೀರಿಲ್ಲ."

"ಅರ್ಥ ಮಾಡ್ಕೋ ಮುನಿತಾಯಿ. ನಿಮ್ಮ ಕೈಯಲ್ಲಿ ಬೆವರಿರುತ್ತೆ, ಉಪ್ಪಿರುತ್ತೆ, ಸೋಪಿರುತ್ತೆ. ಅದರ ಚರ್ಮ ಬಹಳ ಸೂಕ್ಷ್ಮ."

"ಸೋಪು ನಿಮ್ಮ ಬಚ್ಚಲದ್ದೇ ಸಾರ್."

ಅವರು ನಗಲಿಲ್ಲ. ತಾಳ್ಮೆಯಿಂದಲೇ ಹೇಳಿದರು. "ನೀವು ಮನುಷ್ಯರಮ್ಮ. ಎಲ್ಲಿಗಾದ್ರೂ ಹೋಗಿ ತರ್ತೀರಿ. ಅದು ಎಲ್ಲಿಗೆ ಹೋಗುತ್ತೆ ಹೇಳು?"

"ನಾವು ಎಲ್ಲಿಗೆ ಹೋಗಣ ಸಾರ್?"

ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು. ಅವರ ಹೆಂಡತಿ ಸತ್ಯವತಮ್ಮ ಒಂದು ಬಿಂದಿಗೆ ನೀರು ತಂದು ಮೆಟ್ಟಿಲ ಮೇಲೆ ನಿಂತರು. "ಕೊಡ ಕೆಳಗಿಡು," ಎಂದು ಮೇಲಿನಿಂದ ಹುಯ್ದರು. "ಇನ್ಯಾರಿಗೂ ಹೇಳ್ಬೇಡ ಕಣೆ, ಎಲ್ಲರೂ ಬಂದುಬಿಡ್ತಾರೆ." ಅವರೂ ಒಳ್ಳೆಯವರೇ. ಅರ್ಧ ಕೊಡಕ್ಕೆ, ಅರ್ಧ ಕಲ್ಲುಚಪ್ಪಡಿಗೆ.

ಇಷ್ಟು ಕಾಲ ನಾವು ಮುಟ್ಟಿದರೆ ಬಾವಿ ಮೈಲಿಗೆಯಾಗುತ್ತಿತ್ತು. ಈಗ ಕಪ್ಪೆ ಮೈಲಿಗೆಯಾಗುತ್ತಿತ್ತು. ಮೊದಲಿನದಕ್ಕೆ ಶಾಸ್ತ್ರ ಹೇಳುತ್ತಿದ್ದರು, ಇದಕ್ಕೆ ಸೈನ್ಸು ಹೇಳಿದರು.

ಬೇಲಿಯಾಚೆ ಉಳಿದದ್ದು ಮೋರಿ ಸೇರಿದ ನೀರು. ಅದನ್ನೇ ಸೋಸಿದೆವು, ಕಾಯಿಸಿದೆವು. ಸೌದೆ ಇಲ್ಲದ ದಿನ ಹಾಗೇ ಕುಡಿದೆವು. ವಾಂತಿಭೇದಿ ಬಂತು. ಪಕ್ಕದ ಗುಡಿಸಲ ರಾಮಮ್ಮನ ಕೂಸು ಹೋಯಿತು. ಇನ್ನೂ ಹೆಸರಿಟ್ಟಿರಲಿಲ್ಲ. ಕೂಸನ್ನು ಮಣ್ಣು ಮಾಡಿ ಬರುವಾಗ ಬೇಲಿಯ ಒಳಗೆ ಕಪ್ಪೆ ಟಿಕ್ಕು ಟಿಕ್ಕು ಅನ್ನುತ್ತಿತ್ತು. ಆವತ್ತು ನನಗೆ ಆ ಬಡಾವಣೆಗೆ ಬೆಂಕಿ ಇಡಬೇಕೆನಿಸಿತು. ಇಡಲಿಲ್ಲ. ಸ್ಕೂಲಿಗೆ ಹೋಗಿ ಬೆಲ್ ಹೊಡೆದೆ.

ಆ ವರ್ಷ ಮಳೆಯೂ ಕೈಕೊಟ್ಟಿತು. ಮುಂಗಾರು ಶುರುವಾಗಬೇಕಾದ ಹೊತ್ತಿಗೆ ಆಕಾಶ ಬೆಳ್ಳಗೆ ನಿಂತಿತ್ತು. ಆಗ ಊರಿಗೆ ಕಪ್ಪೆ ನೆನಪಾಯಿತು.

ಮಳೆ ಹೋದರೆ ನಮ್ಮ ಕಡೆ ಕಪ್ಪೆ ಹೊರುತ್ತಾರೆ. ಬಿದಿರ ಕುಕ್ಕೆಯಲ್ಲಿ ಬೇವಿನ ಸೊಪ್ಪು ಹಾಸಿ, ಕಪ್ಪೆಯನ್ನು ಕೂರಿಸಿ, ಮೇಲೆ ಸೊಪ್ಪು ಮುಚ್ಚಿ, ತಲೆಯ ಮೇಲೆ ಹೊತ್ತು ಮನೆ ಮನೆಗೆ ಹೋಗುವುದು. ಪ್ರತಿ ಮನೆಯವರೂ ಅದರ ಮೇಲೆ ನೀರು ಹುಯ್ಯಬೇಕು. ಹುಯ್ಯದ ಮನೆಯಿಂದ ಮಳೆ ಹಿಂದಕ್ಕೆ ಹೋಗುತ್ತದೆ. ಕೊನೆಗೆ ಹೊತ್ತು ಮುಳುಗುವುದರೊಳಗೆ, ಹೊತ್ತವರ ಕೈಯಿಂದಲೇ ಕಪ್ಪೆಯನ್ನು ಹಿಡಿದ ಜಾಗಕ್ಕೆ ಜೀವಂತ ಬಿಡಬೇಕು. ಕೆಲಸ ಹಂಚಿಕೆ ಅಜ್ಜನ ಕಾಲದಿಂದ ಇದ್ದದ್ದೇ. ಕೆಸರಿಗೆ ಕೈ ಹಾಕಿ ಹಿಡಿಯುವವರು ನಾವು. ಅರಿಸಿನ ಹಚ್ಚಿ ಹೊರುವವರು ಅವರು. ಕಪ್ಪೆ ಗುಡಿಯ ಒಳಗೆ ಹೋಗಿ ಮಂಗಳಾರತಿ ಮಾಡಿಸಿಕೊಂಡು ಬರುತ್ತಿತ್ತು. ಅದನ್ನು ಹಿಡಿದವರು ಹೊರಗೆ ನಿಂತು ಕೈ ಮುಗಿಯುತ್ತಿದ್ದೆವು.

ಕೃಷ್ಣಪ್ಪಗೌಡರು ಕೇರಿಯ ಅಂಚಿಗೆ ಬಂದು ಕೂಗಿದರು. "ಮುನಿತಾಯಿ, ನಾಳೆ ಒಂದು ಕಪ್ಪೆ ಹಿಡಿದು ತಾರಮ್ಮಿ."

"ಕೆರೆ ಬತ್ತೋಗೈತಲ್ಲ ಗೌಡ್ರೇ. ಕಪ್ಪೆ ಎಲ್ಲಿ ತರಲಿ?"

"ಹಳ್ಳದಾಗೆ ಐತಲ್ಲ."

"ಮುಟ್ಟಬಾರದು ಅಂತ ಬೋರ್ಡ್ ಹಾಕಿಸಿದೀರಿ."

"ಬೋರ್ಡ್ ಹಾಕಿಸಿದೋನು ನಾನೇ ಕಣಮ್ಮಿ. ಬೀಗ ತೆಗೆಸ್ತೀನಿ ಬಾ. ಆ ಮೇಷ್ಟ್ರ ಕಿವಿಗೆ ಮಾತ್ರ ಬೀಳೋದು ಬೇಡ."

ಬೆಳಿಗ್ಗೆ ಗೇಟು ತೆರೆಯಿತು. ಊರ ಹೆಂಗಸರು ತಲೆಗೆ ನೀರು ಹಾಕಿಕೊಂಡು ಮಡಿಯುಟ್ಟು ದೂರದಲ್ಲಿ ನಿಂತಿದ್ದರು. ಅತ್ತೆ ಒಳಗೆ ಹೋದಳು. ಅವಳ ಒರತೆಗಳು ಮರಳು ತುಂಬಿ ಮುಚ್ಚಿಹೋಗಿದ್ದವು. ಒಂದರ ಮರಳನ್ನು ಕಾಲಿನಿಂದ ಕೆದಕಿ ನೋಡಿದಳು. ಆಮೇಲೆ ಬಂಡೆಯ ಸಂದಿಗೆ ಮೊಣಕೈಯವರೆಗೆ ತೋಳು ತೂರಿಸಿ ಒಂದು ಕಪ್ಪೆ ಹಿಡಿದಳು. ಸೊಪ್ಪಿನ ಕುಕ್ಕೆಯಲ್ಲಿ ಕೂರಿಸಿಕೊಂಡು ಗೇಟಿನ ಹೊರಗೆ ಬಂದಳು.

"ಕುಕ್ಕೆ ಅಲ್ಲಿಡು," ಎಂದರು ಗೌಡರು. "ಇಟ್ಟು ಈಚೆಗೆ ಸರಿ. ನಮ್ಮ ಹೆಣ್ಮಕ್ಳು ತಗೋತಾರೆ."

ಅತ್ತೆ ಇಡಲಿಲ್ಲ.

"ಕಿವಿ ಕೇಳಲ್ವೇನೇ? ಇಡು ಅಂದೆ."

"ಇಡಲ್ಲ."

"ಏನಂದೆ?"

"ಇಡಲ್ಲ ಗೌಡ್ರೇ. ಈ ಸಲ ನಾನೇ ಹೊರ್ತೀನಿ. ಬೇಕಾದ್ರೆ ಕಿತ್ಕೊಳ್ಳಿ."

ಚನ್ನಕೇಶವ ಮುಂದೆ ನುಗ್ಗಿದ. ಗೌಡರೇ ಅವನನ್ನು ತಡೆದರು. "ಲೇ, ಮುಟ್ಟಬೇಡ ಕಣೋ! ಮಡೀಲಿದ್ದೀಯ. ಎಲ್ಲಾ ಕೆಟ್ಟೋಗ್ತದೆ!"

ಅವನು ನಿಂತ. ಊರಿಗೆ ಊರೇ ನಿಂತಿತು. ಕುಕ್ಕೆ ಕಿತ್ತುಕೊಳ್ಳಬೇಕಾದರೆ ಅವಳ ಕೈ ಮುಟ್ಟಬೇಕು. ಮುಟ್ಟಿದರೆ ಮಳೆ ಬರುವುದಿಲ್ಲ. ನಮ್ಮನ್ನು ಮುಟ್ಟಬಾರದೆಂಬ ಕಟ್ಟಳೆ ಅಷ್ಟು ತಲೆಮಾರುಗಳಲ್ಲಿ ಆ ಒಂದು ಬೆಳಿಗ್ಗೆ ನಮ್ಮ ಉಪಯೋಗಕ್ಕೆ ಬಂತು. ಅತ್ತೆ ಅವರ ಮಧ್ಯದಿಂದಲೇ ನಡೆದು ಬಂದಳು. ಅವರೇ ಸರಿದು ದಾರಿ ಬಿಟ್ಟರು.

ಕೇರಿಯಲ್ಲಿ ಒಂದು ದೊಡ್ಡ ಬೋಗುಣಿಯ ಒಳಗೆ ಕುಕ್ಕೆ ಇಟ್ಟು ತಲೆಯ ಮೇಲೆ ಹೊತ್ತುಕೊಂಡಳು. ನಮ್ಮ ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ಹಿಂದೆ ಹೊರಟರು. ರಾಮಮ್ಮನೂ ಬಂದಳು. ಮೊದಲು ಊರ ಬೀದಿ. ಗೌಡತಿಯರು ಹುಬ್ಬು ಗಂಟಿಕ್ಕಿಕೊಂಡೇ ಜಗುಲಿಯ ಮೇಲಿನಿಂದ ಹುಯ್ದರು. ಹುಯ್ಯದೆ ವಿಧಿಯಿರಲಿಲ್ಲ. ನೀರು ಕಪ್ಪೆಯ ಮೇಲೆ ಬಿದ್ದು, ಸೊಪ್ಪಿನಲ್ಲಿ ಸೋಸಿ, ಬೋಗುಣಿಗೆ ಇಳಿಯುತ್ತಿತ್ತು. ಬೋಗುಣಿ ತುಂಬಿದಾಗ ಅತ್ತೆ ಹಿಂದಿನವರ ಕೊಡಕ್ಕೆ ಬಗ್ಗಿಸುತ್ತಿದ್ದಳು. ತುಂಬಿದ ಕೊಡ ಕೇರಿಗೆ ಹೋಗಿ ಖಾಲಿಯಾಗಿ ಬರುತ್ತಿತ್ತು. ನಮಗೆ ಒಂದು ಗುಟುಕು ಕೊಡದ ಬಾವಿ ಕಪ್ಪೆಗೆ ಕೊಡಗಟ್ಟಲೆ ಕೊಟ್ಟಿತು.

ಆಮೇಲೆ ಬಡಾವಣೆ. ಅಲ್ಲಿ ಇನ್ನೂ ಚೆನ್ನಾಗಿ ನಡೆಯಿತು. ರೇಡಿಯೋ ಆರಿಸಿ ಎಲ್ಲರೂ ಗೇಟಿಗೆ ಬಂದರು. ಅಲಮೇಲಮ್ಮ ರೇಷ್ಮೆ ಸೀರೆ ಉಟ್ಟು ಬಂದು ಸೊಪ್ಪಿನ ಮೇಲೆ ಅರಿಸಿನ ಕುಂಕುಮ ಎರಚಿ, ಹಿತ್ತಾಳೆ ಬಿಂದಿಗೆಯಲ್ಲಿ ನೀರು ಹುಯ್ದು ಕೈ ಮುಗಿದರು. ಕಪ್ಪೆಗೆ ಮುಗಿದರು. ಕೆಳಗೆ ಬಚ್ಚಲು ತಿಕ್ಕುವ ಮುನಿತಾಯಿ ಇರುವುದು ಅವರಿಗೆ ಕಾಣಲಿಲ್ಲ. ಅತ್ತೆಯ ಸೀರೆ ಮೈಗಂಟಿತ್ತು. ಕತ್ತು ನಡುಗುತ್ತಿತ್ತು. ಹಲ್ಲು ಕಚ್ಚಿಕೊಂಡು ಮುಂದಿನ ಮನೆಗೆ ಹೋಗುತ್ತಿದ್ದಳು.

ಲಕ್ಷ್ಮೀಪತಿಯವರ ಮನೆ ಬಂತು. ಸತ್ಯವತಮ್ಮ ನೀರು ತಂದರು. ಏನು ಗಲಾಟೆ ಎಂದು ಪೇಪರ್ ಹಿಡಿದುಕೊಂಡೇ ಅವರೂ ಬಂದರು. ಸೊಪ್ಪಿನ ನಡುವಿನಿಂದ ಕಪ್ಪೆ ಒಮ್ಮೆ ಟಿಕ್ಕೆಂದಿತು. ಅವರ ಕೈಯಿಂದ ಪೇಪರ್ ಬಿತ್ತು.

"ಅಯ್ಯಯ್ಯೋ! ಇದು ನನ್ನ ಕಪ್ಪೆ! ಎಲ್ಲಿಂದ ತಂದೆ? ಮೈ ಒಣಗಿದ್ರೆ ಸತ್ತೋಗುತ್ತೆ ಕಣೆ! ಅದಕ್ಕೆ ಹರಿಯೋ ನೀರು ಬೇಕು!"

"ಹಂಗಾರೆ ಹುಯ್ರಿ ಸಾರ್," ಎಂದಳು ಅತ್ತೆ.

ಅವರು ಹೆಂಡತಿಯ ಕೈಯಿಂದ ಬಿಂದಿಗೆ ಕಿತ್ತುಕೊಂಡು ಹುಯ್ದರು. ಸಾಲದೆಂದು ಒಳಗೆ ಓಡಿ ಇನ್ನೊಂದು ತಂದರು. ಅದೂ ಸಾಲಲಿಲ್ಲ. ಗುಲಾಬಿ ಗಿಡಕ್ಕೆ ಬಿಡುವ ರಬ್ಬರ್ ಪೈಪನ್ನು ಎಳೆದುಕೊಂಡು ಬಂದು ಕುಕ್ಕೆಯ ಮೇಲೆ ಹಿಡಿದು ನಿಂತರು. "ಮೆತ್ತಗೆ, ಮೆತ್ತಗೆ," ಎಂದು ಕಪ್ಪೆಗೆ ಸಮಾಧಾನ ಹೇಳುತ್ತಿದ್ದರು. ಬೋಗುಣಿ ತುಂಬಿತು, ಬಗ್ಗಿಸಿದಳು. ಮತ್ತೆ ತುಂಬಿತು. ಕೇರಿಯ ಕೊಡಗಳೆಲ್ಲ ತುಂಬಿದವು. ಕಾವೇರಮ್ಮ ಕೊನೆಗೂ ನಮ್ಮ ಕಡೆ ಬಂದಳು, ಒಂದು ಕಪ್ಪೆಯ ಶಿಫಾರಸಿನ ಮೇಲೆ.

"ಈಗಲೇ ವಾಪಸ್ ಬಿಡಬೇಕು. ನಡೀ ನಡೀ," ಎಂದು ಲಕ್ಷ್ಮೀಪತಿಯವರು ಚಪ್ಪಲಿಯಿಲ್ಲದೆ ಹೊರಟರು. ಹಳ್ಳದ ಹತ್ತಿರ ಗೌಡರು ಗೇಟು ಹಿಡಿದು ಕಾಯುತ್ತಿದ್ದರು. ಹೊತ್ತವರೇ ಬಿಡಬೇಕು, ಇಲ್ಲದಿದ್ದರೆ ಅಷ್ಟು ಹೊತ್ತು ಹುಯ್ದ ನೀರೆಲ್ಲ ದಂಡ. ಶಾಸ್ತ್ರ, ಸೈನ್ಸು ಎರಡೂ ಒಂದಾಗಿ ಅತ್ತೆಗೆ ಗೇಟು ತೆರೆದವು.

ಅತ್ತೆ ಒಳಗೆ ಹೋಗಿ ಕುಕ್ಕೆ ಇಳಿಸಿ, ಕಪ್ಪೆಯನ್ನು ಅಂಗೈಯಲ್ಲಿಟ್ಟು ಬಂಡೆಗೆ ಹಿಡಿದಳು. ಅದು ಕೆಳಗಿಳಿದು ಒಂದು ಗೇಣು ಸರಿದು ಕೂತಿತು. ಆಮೇಲೆ ಅತ್ತೆಯೂ ಕೂತಳು. ತನ್ನ ಹಳೆಯ ಒರತೆಯ ಪಕ್ಕದಲ್ಲಿ, ಸೊಂಟ ಮಡಿಸಿ. ಮರಳು ಬಗೆಯತೊಡಗಿದಳು.

"ಬಿಟ್ಟಾಯ್ತಲ್ಲ, ಈಚೆ ಬಾ," ಎಂದರು ಗೌಡರು.

"ಬರಲ್ಲ."

"ಮುನಿತಾಯಿ, ದಯವಿಟ್ಟು ಬಾಮ್ಮ," ಎಂದರು ಲಕ್ಷ್ಮೀಪತಿಯವರು.

ಅತ್ತೆ ತಲೆಯೆತ್ತಿ ಅವರನ್ನು ನೋಡಿದಳು. "ಅದಕ್ಕೆ ಹೋಗಾಕೆ ಬೇರೆ ಜಾಗ ಇಲ್ಲ ಅಂತ ಆವತ್ತು ಅತ್ರಲ್ಲ ಸಾರ್. ನಾನೂ ಕಿಟಕೀಲಿ ನಿಂತು ಕೇಳಿದೆ. ನನಗೂ ಅಳು ಬಂತು. ರಾಮಮ್ಮನ ಕೂಸು ಮೋರಿ ನೀರು ಕುಡಿದು ಸತ್ತಾಗ ನೀವ್ಯಾಕೆ ಸಾರ್ ಅಳಲಿಲ್ಲ?"

ಲಕ್ಷ್ಮೀಪತಿಯವರಿಗೆ ಆ ಕೂಸಿನ ವಿಷಯವೇ ಗೊತ್ತಿರಲಿಲ್ಲ. ಯಾವ ಕೂಸು ಎಂದು ಗೌಡರನ್ನು ಕೇಳಿದರು. ಅಷ್ಟರಲ್ಲಿ ರಾಮಮ್ಮ ಗೇಟು ದಾಟಿ ಒಳಗೆ ಹೋಗಿ ಅತ್ತೆಯ ಪಕ್ಕ ಕೂತಳು. ಅವಳ ಹಿಂದೆ ಉಳಿದವರೆಲ್ಲ ಹೋದರು. ನಾನು ಬೋರ್ಡನ್ನು ಕಿತ್ತೆ. ಕೆಸರಿನ ಮೇಲೆ ಹಾಸಿದೆ. ಹೆಂಗಸರು ಅದರ ಮೇಲೆ ಕೊಡಗಳನ್ನು ಸಾಲಾಗಿ ಇಟ್ಟರು.

ಸಂಜೆಗೆ ಜೀಪು ಬಂತು. ಎಮರ್ಜೆನ್ಸಿ ಕಾಲ, ಯಾವ ಸೆಕ್ಷನ್ ಎಂದು ಕೇಳುವವರಿರಲಿಲ್ಲ. ಅಪರೂಪದ ಕಪ್ಪೆ ಕದ್ದಿದ್ದಾಳೆಂದು ಗೌಡರು ಹೇಳಿದರು. ಕದ್ದ ಮಾಲು ಎದುರಿಗೇ ಬಂಡೆಯ ಮೇಲೆ ಕೂತು ಟಿಕ್ಕು ಟಿಕ್ಕು ಅನ್ನುತ್ತಿತ್ತು. ಪೊಲೀಸರಿಗೆ ಮಡಿ ಇರಲಿಲ್ಲ. ಅತ್ತೆಯ ರಟ್ಟೆ ಹಿಡಿದು ಎಳೆದರು, ಬೆನ್ನಿಗೆ ಲಾಠಿ ಹಾಕಿದರು. ಜೀಪು ಹತ್ತುವಾಗ ಅವಳು ಕೂಗಿ ಹೇಳಿದಳು: "ಹಳ್ಳ ಬಿಟ್ಟು ಏಳಬೇಡ್ರೇ!" ಯಾರೂ ಏಳಲಿಲ್ಲ.

ನಾನು ಸೈಕಲ್ ತುಳಿದುಕೊಂಡು ಹಿಂದೆ ಹೋದೆ. ಸ್ಟೇಷನ್ನಿನ ಗೋಡೆಯ ಮೇಲೆ "ಮಾತು ಕಡಿಮೆ, ದುಡಿಮೆ ಹೆಚ್ಚು" ಎಂದು ಬರೆದಿತ್ತು. ಅದರ ಕೆಳಗೆ ನೆಲದ ಮೇಲೆ ಅತ್ತೆಯನ್ನು ಕೂರಿಸಿದ್ದರು. ಮೈಮೇಲಿನ ಸೀರೆ ಒಣಗುತ್ತಿತ್ತು. ಇಡೀ ದಿನ ಅವಳ ತಲೆಯ ಮೇಲೆ ಊರ ನೀರೆಲ್ಲ ಸುರಿದಿತ್ತು. ಒಂದು ಗುಟುಕೂ ಅವಳ ಬಾಯಿಗೆ ಹೋಗಿರಲಿಲ್ಲ. ತುಟಿ ಬಿರಿದಿತ್ತು.

"ಸಾಮಿ, ಕುಡಿಯಾಕೆ ಒಂದಿಷ್ಟು ನೀರು," ಎಂದಳು.

ಪೇದೆ ಕೆಟ್ಟವನಲ್ಲ. ಮೂಲೆಯಲ್ಲಿದ್ದ ನೀರಿನ ಕೊಳದಪ್ಪಲೆಯಿಂದ ಒಂದು ಚೊಂಬು ತುಂಬಿ ತಂದ. ಎದುರು ನಿಂತು ಚೊಂಬನ್ನು ಮೇಲಕ್ಕೆತ್ತಿ, "ಬೊಗಸೆ ಹಿಡಿ," ಎಂದ.

ಅತ್ತೆಯ ಕೈಗಳು ಅಭ್ಯಾಸದಿಂದ ಮುಂದೆ ಬಂದವು. ಬೊಗಸೆಯಾದವು. ಚೊಂಬು ಬಗ್ಗುವ ಮೊದಲೇ ಅವಳು ಕೈ ಹಿಂದಕ್ಕೆ ತೆಗೆದು ತೊಡೆಯ ಮೇಲಿಟ್ಟುಕೊಂಡಳು.

"ಹಿಡಿಯಮ್ಮ, ನೀರು ಕೇಳಿದ್ಯಲ್ಲ."

"ಲೋಟದಲ್ಲಿ ಕೊಡಿ."

"ಏನು?"

"ಮೇಲಿಂದ ಹುಯ್ಯಾಕೆ ನಾನು ಕಪ್ಪೆ ಅಲ್ಲ," ಎಂದಳು ಅತ್ತೆ. ಇನ್‌ಸ್ಪೆಕ್ಟರ ಮೇಜಿನ ಮೇಲೆ ಮುಚ್ಚಳ ಮುಚ್ಚಿದ ಸ್ಟೀಲ್ ಲೋಟವೊಂದಿತ್ತು. ಅದರ ಕಡೆ ಕೈ ತೋರಿಸಿದಳು. "ಆ ಲೋಟ."